ಹಳೇ ಪಿಕಪ್ಪಿಗೆ ಸಾಮಾನು ಎಲ್ಲಿ ಹುಡುಕಬೇಕು, ಯಾರನ್ನು ಕೇಳಬೇಕು

ಬಳ್ಳಾರಿಯ ಯಾವುದಾದರೂ ಸ್ಪೇರ್ ಅಂಗಡಿಗೆ ಹೋಗಿ, ‘ಹಳೇ ಜೀಪ್ ಪಿಕಪ್ ಇದೆ, ವಾಟರ್ ಪಂಪ್ ಬೇಕು’ ಅಂತ ಕೇಳಿ ನೋಡಿ. ಅಂಗಡಿಯವನು ಎದ್ದು ಕಪಾಟಿನ ಕಡೆ ಹೋಗುವುದಿಲ್ಲ. ಕೂತಲ್ಲಿಂದಲೇ ‘ಇಂಜಿನ್ ಯಾವ್ದು ಅಣ್ಣಾ?’ ಅನ್ನುತ್ತಾನೆ. ‘ಮಹೀಂದ್ರಾ’ ಅಂದರೆ ಅವನಿಗೆ ಸಾಲದು. ‘ಎಂಬತ್ತೆರಡನೇ ಇಸವಿ ಗಾಡಿ’ ಅಂದರೂ ಸಾಲದು. ಪೆಟ್ರೋಲಾ, ಪ್ಯೂಜೊನಾ, ಟ್ರ್ಯಾಕ್ಟರ್ ಇಂಜಿನ್ನಾ, ಮೆಟಡೋರ್ ಕೂರಿಸಿದ್ದಾರಾ ಅಂತ ಒಂದೊಂದಾಗಿ ಕೇಳುತ್ತಾನೆ. ಉತ್ತರ ಗೊತ್ತಿಲ್ಲದಿದ್ದರೆ ‘ಹಳೇದನ್ನ ಬಿಚ್ಚಿ ತಗೊಂಬರ್ರಿ’ ಅಂತ ಮಾತು ಮುಗಿಸುತ್ತಾನೆ.

ಹಳೇ ಪಿಕಪ್ ರಿಪೇರಿಗೆ ಕೈ ಹಾಕಿದವರಲ್ಲಿ ಎಷ್ಟೋ ಜನ ಸುಸ್ತಾಗುವುದು ಇಲ್ಲೇ. ‘ಸಾಮಾನೇ ಸಿಗಲ್ಲ’ ಅನ್ನುವುದು ಅರ್ಧ ನಿಜ ಅಷ್ಟೆ. ಜಾಸ್ತಿ ಸಾಮಾನು ಈಗಲೂ ಸಿಗುತ್ತದೆ. ಗಾಡಿಯ ಹೆಸರು ಹೇಳಿ ಕೇಳಿದರೆ ಮಾತ್ರ ಸಿಗುವುದಿಲ್ಲ. ಇಂಜಿನ್ ಹೆಸರಲ್ಲಿ, ಗೇರ್‌ಬಾಕ್ಸ್ ಹೆಸರಲ್ಲಿ, ಬೇರಿಂಗ್ ನಂಬರಿನಲ್ಲಿ, ಆಯಿಲ್ ಸೀಲಿನ ಅಳತೆಯಲ್ಲಿ ಕೇಳಬೇಕು. ಯಾಕೆ ಹೀಗೆ ಅಂತ ತಿಳಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಒಂದು ಗಾಡಿಯೊಳಗೆ ಮೂರ್ನಾಲ್ಕು ಗಾಡಿ

ನಮ್ಮ ಕಡೆ ತೋಟದ ಮನೆಯಲ್ಲೋ ರೈಸ್ ಮಿಲ್ಲಿನ ಹಿಂದೆಯೋ ನಿಂತಿರುವ ಹಳೇ ಪಿಕಪ್‌ಗಳಲ್ಲಿ ಜಾಸ್ತಿ ಜೀಪಿನ ಕುಲದವು. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸಲು ಶುರು ಮಾಡಿತು. ಆಮೇಲೆ ಅದೇ ನಕ್ಷೆಯ ಗಾಡಿಗಳನ್ನು ದಶಕಗಟ್ಟಲೆ ಇಲ್ಲೇ ತಯಾರಿಸಿತು. ಅದರ ಪೆಟ್ರೋಲ್ ಇಂಜಿನ್ ಹರಿಕೇನ್, 2199 ಸಿಸಿ. ಇದರಲ್ಲಿ ಒಳಗೆ ಗಾಳಿ ಬಿಡುವ ವಾಲ್ವು ಹೆಡ್ಡಿನಲ್ಲಿ ಇರುತ್ತದೆ, ಹೊಗೆ ಹೊರಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಈಗಿನ ಹುಡುಗರು ಇದನ್ನು ಮೊದಲ ಸಲ ಬಿಚ್ಚಿದಾಗ ‘ಇನ್ನರ್ಧ ವಾಲ್ವು ಎಲ್ಲಿ?’ ಅಂತ ತಲೆ ಕೆರೆದುಕೊಳ್ಳುತ್ತಾರೆ.

ಡೀಸೆಲ್ ಅಗ್ಗ, ಪೆಟ್ರೋಲ್ ದುಬಾರಿ ಅನ್ನುವ ಕಾಲ ಬಂದಾಗ ಈ ಗಾಡಿಗಳ ಹೊಟ್ಟೆ ಬದಲಾಯಿತು. ಕಂಪನಿಯೇ ಎಂಡಿ 2350 ಅನ್ನುವ ಡೀಸೆಲ್ ಇಂಜಿನ್ ಹಾಕಿತು. ಅದು ಇಂಟರ್‌ನ್ಯಾಷನಲ್ ಟ್ರ್ಯಾಕ್ಟರ್ ಇಂಜಿನ್ನಿನ ಬಳಗದ್ದು. 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿಯ ಎಕ್ಸ್‌ಡಿಪಿ 4.90 ಇಂಜಿನ್ ಬಂತು. ಗಾಡಿ ಮಾಲೀಕರು ಕಂಪನಿಗಿಂತ ಮುಂದೆ ಹೋದರು. ಹರಿಕೇನ್ ಕೆಟ್ಟಾಗ ಗುಜರಿಯಲ್ಲಿ ಯಾವುದು ಸಿಕ್ಕಿತೋ ಅದನ್ನು ಕೂರಿಸಿದರು. ಟೆಂಪೋ ಮೆಟಡೋರಿನ ಇಂಜಿನ್ ಬಂತು. ಅದಕ್ಕೆ ಹೊಂದುವ ಗೇರ್‌ಬಾಕ್ಸ್ ಬಂತು. ಭಾರ ಜಾಸ್ತಿ ಹೊರಬೇಕು ಅಂತ ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಚಕ್ರಗಳ ನಡುವಿನ ಆಕ್ಸಲ್ ಕವಚ, ಬದಲಾಯಿತು. ಪವರ್ ಸ್ಟೀರಿಂಗ್ ಆಸೆಗೆ ಸ್ಟೀರಿಂಗ್ ಬಾಕ್ಸೂ ಹೋಯಿತು. ಆರ್‌ಸಿಯಲ್ಲಿ ಒಂದೇ ಗಾಡಿ, ಒಳಗೆ ಮೂರ್ನಾಲ್ಕು.

ಜೀಪಿನ ಕುಲ ಅಲ್ಲದವೂ ಇವೆ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಬಂದ ಡಾಡ್ಜ್, ಫಾರ್ಗೊ ಗಾಡಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. 1988ರಲ್ಲಿ ಬಂದ ಟಾಟಾ ಮೊಬೈಲ್ 206 ಅನ್ನು ‘ವಿಂಟೇಜ್’ ಅನ್ನಲು ನನಗೆ ಮನಸ್ಸು ಬರುವುದಿಲ್ಲ, ಆದರೆ ಅದನ್ನೂ ಪ್ರೀತಿಯಿಂದ ರೆಡಿ ಮಾಡಿಸುವವರು ಇದ್ದಾರೆ.

ಮೊದಲ ಕೆಲಸ ಗುರುತು ಹಿಡಿಯುವುದು

ಪಾನಾ ಕೈಗೆತ್ತಿಕೊಳ್ಳುವ ಮೊದಲು ಒಂದು ವೈರ್ ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ಒಂದು ಟಾರ್ಚು, ಮೊಬೈಲ್ ಕ್ಯಾಮೆರಾ ಸಾಕು. ಗಾಡಿಯ ಕೆಳಗೆ ಮಲಗಿ, ಗ್ರೀಸು ಮತ್ತು ಕೆಂಪು ಧೂಳು ಸೇರಿ ಗಟ್ಟಿಯಾದ ಪದರ ಕೆರೆಯಿರಿ. ಅಡಿಯಲ್ಲಿ ಎರಡು ಥರದ ಅಂಕಿ ಕಾಣುತ್ತವೆ. ಉಬ್ಬಿಕೊಂಡಿರುವ ಅಂಕಿ ಎರಕ ಹೊಯ್ಯುವಾಗಲೇ ಬಂದದ್ದು, ಅದು ಆ ಭಾಗ ಯಾವ ನಕ್ಷೆಯದು ಅಂತ ಹೇಳುತ್ತದೆ. ಪಂಚ್ ಹೊಡೆದು ಒಳಗೆ ಕೊರೆದ ಅಂಕಿ ಆ ಒಂದೇ ಇಂಜಿನ್ನಿಗೆ ಸೇರಿದ್ದು. ಆರ್‌ಸಿಯಲ್ಲಿ ಇರಬೇಕಾದ್ದು ಎರಡನೆಯದು, ಸಾಮಾನು ಹುಡುಕಲು ಬೇಕಾದ್ದು ಮೊದಲನೆಯದು. ಇವೆರಡನ್ನು ಕಲಸಿಕೊಂಡು ಎರಕದ ನಂಬರನ್ನೇ ಆರ್‌ಟಿಒ ಫಾರಂನಲ್ಲಿ ಬರೆದವರಿದ್ದಾರೆ.

ಹರಿಕೇನ್ ಇಂಜಿನ್ನಿನ ನಂಬರು ಬ್ಲಾಕಿನ ಮುಂಭಾಗದಲ್ಲಿ, ವಾಟರ್ ಪಂಪ್ ಕೂರುವ ಉಬ್ಬಿನ ಮೇಲೆ ಇರುತ್ತದೆ. ಡೀಸೆಲ್ ಇಂಜಿನ್ ಆಗಿದ್ದರೆ ಡೀಸೆಲ್ ಪಂಪಿನ ಮೇಲಿರುವ ಚಿಕ್ಕ ತಗಡಿನ ಪಟ್ಟಿಯನ್ನೂ ಒರೆಸಿ ಫೋಟೋ ತೆಗೆಯಿರಿ. ಪಂಪ್-ನಾಜಲ್ ಕೆಲಸದವರಿಗೆ ಆ ಪಟ್ಟಿಯೇ ಜಾತಕ.

ಕೆಲವು ಇಂಜಿನ್‌ಗಳ ಹೆಸರಲ್ಲೇ ಅಳತೆ ಅಡಗಿದೆ. ಪ್ಯೂಜೊ 4.90 ಅಂದರೆ ನಾಲ್ಕು ಸಿಲಿಂಡರ್, ಬೋರು (ಸಿಲಿಂಡರಿನ ಒಳಗಿನ ಅಗಲ) 90 ಮಿಲಿಮೀಟರ್. ಟಾಟಾ 483 ಅಂದರೆ ನಾಲ್ಕು ಸಿಲಿಂಡರ್, 83 ಮಿ.ಮೀ. ಲಾರಿಗಳ 697 ಅಂದರೆ ಆರು ಸಿಲಿಂಡರ್, 97 ಮಿ.ಮೀ. ಹೆಡ್ ಎತ್ತಿ ಬೋರು ಅಳೆದಾಗ 90ರ ಆಸುಪಾಸು ಬಂದರೆ ಮೇಸ್ತ್ರಿ ಹೇಳಿದ ಹೆಸರು ಸರಿಯೋ ತಪ್ಪೋ ನಿಮಗೇ ಗೊತ್ತಾಗುತ್ತದೆ. ಹರಿಕೇನ್ ಇಂಚಿನ ಲೆಕ್ಕದ್ದು, ಬೋರು ಮೂರೂ ಕಾಲಿಗೆ ಸ್ವಲ್ಪ ಕಮ್ಮಿ, ಸರಿಯಾಗಿ 3.125 ಇಂಚು.

ಹಿಂದಿನ ಹೌಸಿಂಗ್ ವಿಷಯಕ್ಕೆ ಬರೋಣ. ಅದರೊಳಗೆ ಚಕ್ರ ತಿರುಗಿಸುವ ದೊಡ್ಡ ಗೇರು ಕ್ರೌನ್ ವೀಲು, ಅದನ್ನು ತಿರುಗಿಸುವ ಚಿಕ್ಕ ಗೇರು ಪಿನಿಯನ್ನು. ಇವು ಹಲ್ಲಿನ ಲೆಕ್ಕದಲ್ಲಿ ಬೇರೆ ಬೇರೆ ಇರುತ್ತವೆ. 43 ಹಲ್ಲಿನ ಕ್ರೌನಿಗೆ 8 ಹಲ್ಲಿನ ಪಿನಿಯನ್ ಇದ್ದರೆ ಅನುಪಾತ 5.38. 39ಕ್ಕೆ 8 ಇದ್ದರೆ 4.88. ಬಿಚ್ಚದೆಯೇ ಇದನ್ನು ಕಂಡುಹಿಡಿಯಬಹುದು. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಡಿ, ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಮೇಲೆ ಎತ್ತಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಇನ್ನೊಬ್ಬರು ಪ್ರೊಪೆಲ್ಲರ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ಹೋಗುವ ಉದ್ದ ದಂಡ) ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದು ಎಷ್ಟು ಸುತ್ತಿತು ಅಂತ ಎಣಿಸಲಿ. ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಭಾಗ ಹೋದರೆ 5.38. ಐದಕ್ಕೆ ಚೂರು ಕಮ್ಮಿ ನಿಂತರೆ 4.88. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಮುಂದಿನದ್ದು ಹಿಂದಿನದ್ದು ಒಂದೇ ಇರಲೇಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಎರಡೂ ಒಂದಕ್ಕೊಂದು ಎಳೆದಾಡುತ್ತವೆ. ಇನ್ನೊಂದು ಮಾತು: ಕ್ರೌನು ಮತ್ತು ಪಿನಿಯನ್ನು ಕಾರ್ಖಾನೆಯಲ್ಲೇ ಜೋಡಿಯಾಗಿ ತಿಕ್ಕಿ ಕೂರಿಸಿದವು. ಗುಜರಿಯಲ್ಲಿ ಒಂದೇ ಸಿಕ್ಕಿತು ಅಂತ ತರಬೇಡಿ, ಗುಂಯ್ ಅಂತ ಕೂಗುತ್ತಾ ಬೇಗ ಸವೆಯುತ್ತದೆ.

ಬೇರಿಂಗು, ಸೀಲು, ಬೋಲ್ಟು: ಗಾಡಿಯ ಹೆಸರೇ ಬೇಡ

ಹಳೇ ಗಾಡಿಯವರಿಗೆ ಇರುವ ದೊಡ್ಡ ಸಮಾಧಾನ ಇದು. ಗಾಡಿ ತಯಾರಿ ನಿಂತು ಮೂವತ್ತು ವರ್ಷ ಆಗಿರಬಹುದು, ಅದರೊಳಗಿನ ಬೇರಿಂಗಿನ ತಯಾರಿ ನಿಂತಿರುವುದಿಲ್ಲ. ಬೇರಿಂಗು ಗಾಡಿಗೆ ಸೇರಿದ್ದಲ್ಲ, ಅಳತೆಗೆ ಸೇರಿದ್ದು. ಅದೇ ನಂಬರು ಪಂಪ್‌ಸೆಟ್ಟಿನಲ್ಲೂ ಇರಬಹುದು, ಹಿಟ್ಟಿನ ಗಿರಣಿಯಲ್ಲೂ ಇರಬಹುದು.

ಬೇರಿಂಗಿನ ಅಂಚನ್ನು ಒರೆಸಿದರೆ 6306 ಅಂತ ಕಾಣಿಸಿತು ಅಂದುಕೊಳ್ಳಿ. ಮೊದಲ 6 ಅಂದರೆ ಸಾಮಾನ್ಯ ಬಾಲ್ ಬೇರಿಂಗ್. ಮುಂದಿನ 3 ಅದರ ದಪ್ಪ-ಅಗಲದ ಸಾಲು. ಕೊನೆಯ 06 ಅನ್ನು ಐದರಿಂದ ಗುಣಿಸಿ, 30 ಬಂತು. ಒಳಗಿನ ತೂತು 30 ಮಿ.ಮೀ. ಹೊರಗಿನ ವ್ಯಾಸ 72, ದಪ್ಪ 19. ಅದೇ 6206 ಆದರೆ ತೂತು ಅಷ್ಟೇ 30, ಆದರೆ ಹೊರಗೆ 62, ದಪ್ಪ 16. ಒಂದು ಅಂಕಿ ತಪ್ಪಿದರೆ ಶಾಫ್ಟಿಗೆ ಸರಿಹೋಗಿ ಹೌಸಿಂಗಿನಲ್ಲಿ ಅಲ್ಲಾಡುವುದು ಇದಕ್ಕೇ. ನಂಬರಿನ ನಂತರ ಬರುವ ಅಕ್ಷರಗಳನ್ನೂ ಬರೆದುಕೊಳ್ಳಿ. ಮುಚ್ಚಳ ಇದೆಯೋ ಇಲ್ಲವೋ, ಒಳಗೆ ಸಡಿಲ ಎಷ್ಟು ಅನ್ನುವುದನ್ನು ಅವು ಹೇಳುತ್ತವೆ.

ಜೀಪಿನ ಚಕ್ರದ ಹಬ್ಬಿನಲ್ಲಿರುವುದು ಟೇಪರ್ ಬೇರಿಂಗ್, ಅದೂ ಇಂಚಿನ ಅಳತೆಯದು. ಇಲ್ಲಿ ಗುಣಿಸುವ ಲೆಕ್ಕ ನಡೆಯುವುದಿಲ್ಲ. ಒಳಗಿನ ಕೋನಿಗೆ ಒಂದು ನಂಬರು, ಹೊರಗಿನ ಕಪ್ಪಿಗೆ ಇನ್ನೊಂದು. ಜೀಪುಗಳಲ್ಲಿ ಕಾಣುವ ಜೋಡಿ 18590 ಮತ್ತು 18520. ಎರಡೂ ನಂಬರು ಹೇಳಿದರೆ ಬೇರಿಂಗ್ ಅಂಗಡಿಯವರು ಗಾಡಿ ಯಾವುದು ಅಂತ ಕೇಳುವುದೂ ಇಲ್ಲ. ಕೋನ್ ಒಂದನ್ನೇ ಬದಲಿಸಿ ಹಳೇ ಕಪ್ಪನ್ನು ಬಿಡುವುದು ದುಡ್ಡು ಉಳಿಸಿದ ಹಾಗೆ ಕಾಣುತ್ತದೆ. ಹಳೇ ಕಪ್ಪಿನ ಗೀರು ಹೊಸ ಕೋನನ್ನು ಬೇಗ ತಿನ್ನುತ್ತದೆ.

ಆಯಿಲ್ ಸೀಲಿನ ಮುಖದ ಮೇಲೆ ಮೂರು ಅಳತೆ ಬರೆದಿರುತ್ತದೆ: ಒಳಗಿನದು, ಹೊರಗಿನದು, ದಪ್ಪ. ಅಳಿಸಿಹೋಗಿದ್ದರೆ ಶಾಫ್ಟನ್ನೂ ಸೀಲು ಕೂರುವ ಜಾಗವನ್ನೂ ವರ್ನಿಯರ್‌ನಿಂದ ಅಳೆಯಿರಿ. ಹಳೇ ಸೀಲನ್ನೇ ಅಳೆಯಬೇಡಿ, ಅದರ ರಬ್ಬರು ಹಿಗ್ಗಿರುತ್ತದೆ. ಹೊಸ ಸೀಲು ಹಾಕಿದರೂ ಎಣ್ಣೆ ಸೋರುತ್ತಿದ್ದರೆ ಶಾಫ್ಟಿನ ಮೇಲೆ ಬೆರಳು ಆಡಿಸಿ. ಸಣ್ಣ ಕಾಲುವೆ ಉಗುರಿಗೆ ತಾಗುತ್ತದಾ? ಹಾಗಿದ್ದರೆ ಎಷ್ಟು ಸೀಲು ಬದಲಿಸಿದರೂ ಪ್ರಯೋಜನ ಇಲ್ಲ. ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು, ಅಥವಾ ಸೀಲನ್ನು ಎರಡು ಮಿ.ಮೀ. ಆಚೀಚೆ ಕೂರಿಸಬೇಕು. ಅದಿರಿನ ಧೂಳಿನ ರಸ್ತೆಯಲ್ಲಿ ಓಡಿದ ಗಾಡಿಗಳಲ್ಲಿ ಈ ಕಾಲುವೆ ಇಲ್ಲದ ಶಾಫ್ಟು ಅಪರೂಪ.

ಬೋಲ್ಟು-ನಟ್ಟಿನ ಗೊಂದಲವೂ ಈ ಮಿಶ್ರಣದ ಫಲ. ಜೀಪಿನ ಚಾಸಿಸ್ಸು, ಹೌಸಿಂಗು ಇಂಚಿನ ಥ್ರೆಡ್ಡು. ಪ್ಯೂಜೊ ಇಂಜಿನ್ ಮಿಲಿಮೀಟರಿನದು. ಅರ್ಧ ಇಂಚಿನ ಪಾನಾ ಬೇಕಾದ ನಟ್ಟಿಗೆ 13ರ ಪಾನಾ ಕೂರುತ್ತದೆ, ಆದರೆ ಚೂರು ಸಡಿಲ. ತುಕ್ಕು ಹಿಡಿದ ನಟ್ಟಾದರೆ ಮೂಲೆಗಳು ಉರುಟಾಗಿ ಆಮೇಲೆ ಉಳಿಯೇ ಗತಿ. 5/16 ಇಂಚಿನ ತೂತಿಗೆ 8 ಮಿ.ಮೀ. ಬೋಲ್ಟು ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿ ಜೋರು ಮಾಡಿದರೆ ಒಳಗಿನ ಥ್ರೆಡ್ಡು ಹೋಯಿತು ಅಂತಲೇ ಲೆಕ್ಕ. ಹಳೇ ವಿಲ್ಲೀಸ್ ನಮೂನೆಯ ಗಾಡಿಯಲ್ಲಿ ಎಡಗಡೆ ಚಕ್ರದ ನಟ್ಟುಗಳು ಉಲ್ಟಾ ಥ್ರೆಡ್ಡಿನವು. ಪಂಕ್ಚರ್ ಅಂಗಡಿಯ ಹುಡುಗ ಪೈಪ್ ಹಾಕಿ ತಿರುಗಿಸುವ ಮೊದಲೇ ಹೇಳಿಬಿಡಿ.

ಕಾಗದ ಸರಿ ಇಲ್ಲದ ಗಾಡಿಗೆ ಸಾಮಾನು ಹುಡುಕಬೇಡಿ

ಇದನ್ನು ಗಾಡಿ ಕೊಳ್ಳುವ ಮೊದಲೇ ನೋಡಬೇಕು. ಚಾಸಿಸ್ ನಂಬರು, ಇಂಜಿನ್ ನಂಬರು ಎರಡೂ ಆರ್‌ಸಿಗೆ ಹೊಂದಬೇಕು. ಇಂಜಿನ್ ಬದಲಿಸಿದ್ದರೆ ಅದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ನಮ್ಮ ಕಡೆ ಬದಲಿಸಿದವರಲ್ಲಿ ಎಷ್ಟು ಜನ ನಮೂದು ಮಾಡಿಸಿದ್ದಾರೆ ಅಂತ ಕೇಳಬೇಡಿ.

ಬಹಳ ಹಳೇ ಆರ್‌ಸಿಗಳು ಪುಸ್ತಕದ ರೂಪದಲ್ಲಿರುತ್ತವೆ, ಕಂಪ್ಯೂಟರಿನಲ್ಲಿ ಇರುವುದಿಲ್ಲ. ಮೊದಲು ಆ ದಾಖಲೆಯನ್ನು ಸರ್ಕಾರದ ‘ವಾಹನ್’ ಕಂಪ್ಯೂಟರ್ ವ್ಯವಸ್ಥೆಗೆ ಏರಿಸಬೇಕು. ಗಾಡಿ ಮೂಲದಲ್ಲಿ ಯಾವ ಕಚೇರಿಯದ್ದೋ ಅಲ್ಲಿಗೇ ಹೋಗಬೇಕಾಗುತ್ತದೆ. ಈಗ ಬಳ್ಳಾರಿ ಕೆಎ-34, ಹೊಸಪೇಟೆ 35, ರಾಯಚೂರು 36, ಕೊಪ್ಪಳ 37. ‘ಕೆಎ’ ಬರುವ ಮೊದಲಿನ ನಂಬರಾದರೆ ಹಳೇ ರಿಜಿಸ್ಟರ್ ತೆಗೆಸಲು ಸ್ವಲ್ಪ ತಾಳ್ಮೆ ಬೇಕು.

ಸರ್ಕಾರಿ ಇಲಾಖೆಯಿಂದ ಹರಾಜಾದ ಹಳೇ ಜೀಪು, ಪಿಕಪ್ ಅಂತ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಜೋಪಾನ. 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗುವುದಿಲ್ಲ. ಅಂಥ ಗಾಡಿ ಸಾಮಾನಿನ ಮೂಲ ಆಗಬಹುದೇ ಹೊರತು ರಸ್ತೆಗಿಳಿಯುವುದಿಲ್ಲ.

50 ವರ್ಷ ದಾಟಿದ ಗಾಡಿಗೆ 2021ರ ಕೇಂದ್ರ ನಿಯಮದಡಿ ‘ವಿಂಟೇಜ್’ ನೋಂದಣಿ ಇದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಆಮೇಲೆ ಐದು ವರ್ಷಕ್ಕೆ 5,000. ಆದರೆ ಗಾಡಿ ಮೂಲ ರೂಪದಲ್ಲಿರಬೇಕು, ದೊಡ್ಡ ಬದಲಾವಣೆ ಆಗಿರಬಾರದು, ದಿನನಿತ್ಯದ ಓಡಾಟಕ್ಕೋ ಬಾಡಿಗೆಗೋ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೋಗಬಹುದು. ಸ್ವಂತ ಬಳಕೆಯ ವಾಹನಗಳಿಗೆ ಅಂತ ಮಾಡಿದ ನಿಯಮ ಇದು. ನಿಮ್ಮ ಪಿಕಪ್ ಸರಕು ವಾಹನ ಅಂತ ದಾಖಲಾಗಿದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿಕೊಂಡು ಆಮೇಲೆ ಖರ್ಚಿಗೆ ಇಳಿಯಿರಿ. ತೋಟಕ್ಕೆ ಗೊಬ್ಬರ ಹೊರುವ ಆಸೆ ಇದ್ದರೆ ಮಾಮೂಲಿ ನೋಂದಣಿಯೇ ಒಳ್ಳೆಯದು.

ಎಲ್ಲಿ ಸಿಗುತ್ತದೆ

ಮೊದಲು ಊರಲ್ಲೇ ನೋಡಿ, ಆದರೆ ಸರಿಯಾದ ಅಂಗಡಿಗೆ ಹೋಗಿ. ಎಂಡಿ 2350 ಇಂಜಿನ್ ಇದ್ದರೆ ಕಾರಿನ ಸ್ಪೇರ್ ಅಂಗಡಿಗಿಂತ ಟ್ರ್ಯಾಕ್ಟರ್ ಸ್ಪೇರ್ ಅಂಗಡಿ ವಾಸಿ. ಗಂಗಾವತಿ, ಸಿಂಧನೂರು ಕಡೆ ಭತ್ತದ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಬರವಿಲ್ಲ, ಹಾಗಾಗಿ ಸಾಮಾನಿಗೂ ಬರವಿಲ್ಲ. ಹಳೇ ಬಿ-275 ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದ ಮೇಸ್ತ್ರಿಗಳು ಅಲ್ಲಿ ಇನ್ನೂ ಸಿಗುತ್ತಾರೆ. ಜೀಪಿನವರು ಟ್ರ್ಯಾಕ್ಟರ್ ಅಂಗಡಿಗೆ ಹೋಗಲು ಯಾಕೋ ಹಿಂಜರಿಯುತ್ತಾರೆ.

ಟ್ರ್ಯಾಕ್ಟರ್ ಅಂಗಡಿಯಲ್ಲಿ ಒಂದು ಬಲೆಯೂ ಇದೆ. ಜೀಪಿನ ಟೈರು 6.00-16. ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೂ ಅದೇ ಅಳತೆಯ ಟೈರು ಬರುತ್ತದೆ. ಅಳತೆ ಒಂದೇ ಅಂತ ಹಾಕಿಸಿಕೊಳ್ಳಬೇಡಿ. ಅದು ಹೊಲದಲ್ಲಿ ನಿಧಾನ ಹೋಗಲು ಮಾಡಿದ್ದು, ಹೆದ್ದಾರಿಯ ವೇಗಕ್ಕಲ್ಲ.

ಊರಲ್ಲಿ ಸಿಗದಿದ್ದರೆ ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಸಿಕಂದರಾಬಾದಿನ ರಾಣಿಗಂಜ್ ಕಡೆ ಹೋಗಬಹುದು. ಬಳ್ಳಾರಿ, ಕೊಪ್ಪಳದವರು ರಾತ್ರಿ ರೈಲು ಹತ್ತಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಾರೆ. ಹಳೇ ಬಿಡಿಭಾಗಕ್ಕೆ ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ ಹೆಸರಾದ ಜಾಗಗಳು, ಹೊಸದಕ್ಕೆ ದೆಹಲಿಯ ಕಶ್ಮೀರಿ ಗೇಟ್. ಜೀಪಿನ ಬಾಡಿ, ಬಾನೆಟ್ಟು, ಮಡ್‌ಗಾರ್ಡು ಹೊಸದಾಗಿಯೇ ಬೇಕು ಅಂದರೆ ಹರಿಯಾಣ-ಪಂಜಾಬ್ ಗಡಿಯ ಮಂಡಿ ಡಬವಾಲಿಯವರು ತಗಡು ಬಡಿದು ಮಾಡಿ ಕಳಿಸುತ್ತಾರೆ. ಆದರೆ ಅಲ್ಲಿಂದ ಬಂದದ್ದು ಒಂದೇ ಸಲಕ್ಕೆ ಕೂರುತ್ತದೆ ಅಂದುಕೊಳ್ಳಬೇಡಿ. ತೂತುಗಳನ್ನು ಇಲ್ಲಿ ಮತ್ತೆ ಹೊಂದಿಸಬೇಕಾಗುತ್ತದೆ.

ಬಾಡಿ ತಗಡಿನ ವಿಷಯದಲ್ಲಿ ಬಯಲುಸೀಮೆಯವರು ಪುಣ್ಯವಂತರು. ಕರಾವಳಿ ಗಾಡಿಗಳಂತೆ ನಮ್ಮ ಗಾಡಿಗಳ ನೆಲ ಕೊಳೆತು ಉದುರುವುದಿಲ್ಲ. ಬಿಸಿಲಿಗೆ ರಬ್ಬರು, ವೈರಿಂಗು ಒಡೆದಿರುತ್ತವೆ, ತಗಡು ಗಟ್ಟಿ ಇರುತ್ತದೆ. ಹಾಗಾಗಿ ಮಡ್‌ಗಾರ್ಡೋ ಬಾಗಿಲೋ ಬೇಕಾದಾಗ ಇಲ್ಲಿನ ಗುಜರಿಯಲ್ಲೇ ತಾಳ್ಮೆಯಿಂದ ನೋಡಿ. ತೂಕದ ರೇಟಿಗೆ ಸಿಗುವ ಮೂಲ ತಗಡು, ಹೊಸದಾಗಿ ಬಡಿದ ತೆಳು ತಗಡಿಗಿಂತ ಮೇಲು. ನೆಲಕ್ಕೆ ತೇಪೆ ಹಾಕಿಸುವುದಿದ್ದರೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು ಕೇಳಿ.

ಮುಂದಿನ ಗಾಜಿನ ಚಿಂತೆ ಜೀಪಿನವರಿಗಿಲ್ಲ. ಅದು ಚಪ್ಪಟೆ ಗಾಜು, ಲ್ಯಾಮಿನೇಟೆಡ್ ಗಾಜನ್ನು ಅಳತೆಗೆ ಕೊಯ್ಸಿಕೊಳ್ಳಬಹುದು. ಟಫನ್ಡ್ ಗಾಜು ಕೊಯ್ಯಲು ಬರುವುದಿಲ್ಲ, ಪುಡಿಪುಡಿಯಾಗುತ್ತದೆ.

ದೂರದ ಅಂಗಡಿಯಿಂದ ತರಿಸುವಾಗ ಮೊಬೈಲಿನಲ್ಲಿ ಸುಮ್ನೆ ಒಂದು ಮಸುಕು ಫೋಟೋ ಹಾಕಿ ‘ಇದು ಇದೆಯಾ?’ ಅಂದರೆ ‘ಇದೆ’ ಅನ್ನುವ ಉತ್ತರವೇ ಬರುತ್ತದೆ. ತೊಳೆದ ಸಾಮಾನು, ಪಕ್ಕದಲ್ಲಿ ಸ್ಕೇಲು, ಮೂರು ಕಡೆಯಿಂದ ಫೋಟೋ, ನಂಬರಿನ ಹತ್ತಿರದ ಫೋಟೋ, ಹಲ್ಲಿದ್ದರೆ ಹಲ್ಲಿನ ಲೆಕ್ಕ. ಅವರ ಕಡೆಯಿಂದಲೂ ಸಾಮಾನಿನ ಮೇಲೆ ವರ್ನಿಯರ್ ಇಟ್ಟು ತೆಗೆದ ಫೋಟೋ ಕೇಳಿ. ಕೊಡಲು ಹಿಂದೆಮುಂದೆ ನೋಡುವವನ ಹತ್ತಿರ ಕೊಳ್ಳಬೇಡಿ.

‘ಹಳೇ ಸ್ಟಾಕ್, ಕಂಪನಿ ಪ್ಯಾಕ್’ ಅಂತ ತೋರಿಸಿದಾಗ ಮನಸ್ಸು ಕರಗುತ್ತದೆ, ಅಲ್ವಾ? ಕಬ್ಬಿಣದ ಸಾಮಾನಾದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ರಬ್ಬರಿನದಾದರೆ ಬೇಡ. ಬ್ರೇಕಿನ ವಾಷರ್, ಹೋಸ್ ಪೈಪು ಇಪ್ಪತ್ತು ವರ್ಷ ಡಬ್ಬದಲ್ಲೇ ಇದ್ದರೂ ಮುದಿಯಾಗಿರುತ್ತವೆ. ಪಳಪಳ ಹೊಳೆಯುವ ವಾಷರ್ ಎರಡನೇ ತಿಂಗಳಿಗೇ ಸೋರುತ್ತದೆ.

ಯಾರ ಮಾತು ಎಲ್ಲಿಯವರೆಗೆ

ಸಲಹೆಗೆ ನಮ್ಮಲ್ಲಿ ಕೊರತೆ ಇಲ್ಲ. ಬಾನೆಟ್ ಎತ್ತಿದರೆ ಸಾಕು, ಚಹಾ ಕುಡಿಯಲು ಬಂದವರೂ ಬಗ್ಗಿ ನೋಡಿ ಒಂದು ಮಾತು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ, ಕೇಳಬೇಕಾದ್ದು ಒಬ್ಬ ದೊಡ್ಡ ಮೇಸ್ತ್ರಿಯನ್ನಲ್ಲ, ಐದಾರು ಸಣ್ಣ ಕಸುಬಿನವರನ್ನು. ಪಂಪ್-ನಾಜಲ್ ಅಂಗಡಿಯವರು, ಲೇತಿನವರು, ರೇಡಿಯೇಟರಿನವರು, ಕಮಾನು ಪಟ್ಟಿ ಬಡಿಯುವವರು, ಸೆಲ್ಫ್-ಡೈನಮೋ ಕಟ್ಟುವವರು. ಇವರಲ್ಲಿ ಒಬ್ಬೊಬ್ಬರೂ ತಮ್ಮ ಕಸುಬಿನಲ್ಲಿ ಹೇಳಿದ ಮಾತು ಚಿನ್ನ. ಕಮಾನು ಪಟ್ಟಿಯವನು ಇಂಜಿನ್ ಬಗ್ಗೆ ಹೇಳಿದರೆ ನಕ್ಕು ಸುಮ್ಮನಾಗಿ.

ಲೇತಿನವರ ಹತ್ತಿರ ಹೋಗುವಾಗ ಒಂದು ಕ್ರಮ ಇದೆ. ಬೋರು ಸವೆದಿದ್ದರೆ ಮೊದಲು ಅಳತೆ ಮಾಡಿಸಿ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು, ಯಾಕೆಂದರೆ ರಿಂಗು ತಿರುಗಿ ಇಳಿಯುವ ಮೇಲ್ತುದಿಯಲ್ಲೇ ಸವೆತ ಜಾಸ್ತಿ. ಇಂಚಿನ ಇಂಜಿನ್‌ಗೆ ಪಿಸ್ಟನ್ 20, 30, 40 ‘ಸೈಜ್’ ಅಂತ ಬರುತ್ತದೆ. ಇಂಚಿನ ಸಾವಿರದ ಲೆಕ್ಕ ಅದು. ಈಗ ಇರುವ ಬೋರಿಗೆ ಮುಂದಿನ ಯಾವ ಸೈಜು ಬೇಕು ಅಂತ ಗೊತ್ತಾದ ಮೇಲೆ ಪಿಸ್ಟನ್ ಹುಡುಕಿ, ಅದು ಕೈಗೆ ಬಂದ ಮೇಲೆ ಅದಕ್ಕೆ ತಕ್ಕಂತೆ ಬೋರು ಹೊಡೆಸಿ. ಬೋರು ಹೊಡೆಸಿ ಆಮೇಲೆ ಪಿಸ್ಟನ್ ಹುಡುಕಲು ಹೊರಟರೆ ಆ ಸೈಜು ದೇಶದಲ್ಲೇ ಸಿಗದೆ ಇರಬಹುದು. ಆಗ ಲೈನರ್ ಹಾಕಿಸಿ ಮೊದಲಿಂದ ಶುರು. ಕ್ರ್ಯಾಂಕಿನ ಗ್ರೈಂಡಿಂಗಿಗೂ ಇದೇ ಮಾತು: ಬೇರಿಂಗ್ ಶೆಲ್ ಕೈಯಲ್ಲಿರಲಿ.

ಸಂಡೂರಿನ ಗಣಿ, ಗಂಗಾವತಿಯ ಮಿಲ್ಲು, ಹೊಲದ ಬೋರ್‌ವೆಲ್ಲು ಇವುಗಳ ಕೆಲಸ ಮಾಡಿ ಪಳಗಿದ ಲೇತಿನವರು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿದ್ದಾರೆ. ಗನ್‌ಮೆಟಲ್ ಬುಷ್, ಪಿನ್, ಪುಲ್ಲಿ, ಸ್ಪೇಸರ್ ಎಲ್ಲ ಚೆನ್ನಾಗಿ ಮಾಡಿಕೊಡುತ್ತಾರೆ. ಇಷ್ಟು ಚೆನ್ನಾಗಿ ಮಾಡುತ್ತಾರೆ ಅಂತ ಸ್ಟೀರಿಂಗಿನ ಆರ್ಮು, ಟೈ ರಾಡಿನ ತುದಿ, ಬ್ರೇಕಿನ ಸಾಮಾನು ಮಾಡಿಸಬೇಡಿ, ಬೆಸುಗೆ ಹಾಕಿಸಲೂ ಬೇಡಿ. ಕಮಾನು ಪಟ್ಟಿಗೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಮುರಿಯುತ್ತದೆ, ಬಿಸಿ ತಾಗಿದ ಜಾಗದಲ್ಲಿ ಉಕ್ಕಿನ ಹದ ಹೋಗಿರುತ್ತದೆ.

ಎಲ್ಲ ಗ್ಯಾರೇಜಿನಲ್ಲೂ ಕೇಳಿಬರುವ ಸಲಹೆ ಇನ್ನೊಂದಿದೆ. ‘ಯಾಕ್ ಸಾರ್ ಒದ್ದಾಡ್ತೀರಿ, ಬೇರೆ ಇಂಜಿನ್ ಕೂರಿಸಿಬಿಡೋಣ.’ ಮೇಸ್ತ್ರಿಗೆ ಅದು ಸುಲಭ, ಗೊತ್ತಿರುವ ಇಂಜಿನ್. ಆದರೆ ಇಂಜಿನ್ ಬದಲಾದರೆ ಮೌಂಟಿಂಗ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿನ ಉದ್ದ, ರೇಡಿಯೇಟರ್, ಸೈಲೆನ್ಸರ್ ಎಲ್ಲ ಬದಲಾಗುತ್ತವೆ, ಆಮೇಲೆ ಆರ್‌ಟಿಒ. ಬ್ಲಾಕು ಒಡೆದಿಲ್ಲ ಅಂದರೆ ಇರುವ ಇಂಜಿನ್ನೇ ಕಟ್ಟಿಸಿ ಅನ್ನುತ್ತೇನೆ ನಾನು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಹಾಗಾಗಿ ರೇಡಿಯೇಟರಿನವನ ಮಾತನ್ನು ಸ್ವಲ್ಪ ಜಾಸ್ತಿಯೇ ಕೇಳಿ. ಹಳೇ ತಾಮ್ರ-ಹಿತ್ತಾಳೆಯ ಕೋರನ್ನು ಬಿಚ್ಚಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ಶುದ್ಧ ಮಾಡಬಹುದು. ಹೊಸ ಅಲ್ಯೂಮಿನಿಯಂಗಿಂತ ಅದೇ ಲೇಸು, ಹಳ್ಳಿಯಲ್ಲೂ ಬೆಸುಗೆ ಹಾಕಬಹುದು. ಬೋರ್‌ವೆಲ್ ನೀರು ಹಾಕಬೇಡಿ, ಗಡಸು ನೀರಿನ ಬಿಳಿ ಪದರ ಬ್ಲಾಕಿನೊಳಗೂ ಕಟ್ಟುತ್ತದೆ. ಮುಚ್ಚಳ ಕಳೆದುಹೋಗಿದ್ದರೆ ಈಗಿನ ಕಾರಿನ ಜಾಸ್ತಿ ಒತ್ತಡದ ಮುಚ್ಚಳ ಹಾಕಿದರೆ ಹಳೇ ಟ್ಯಾಂಕಿನ ಬೆಸುಗೆ ಬಿಡುತ್ತದೆ.

ಗಾಳಿಯ ಫಿಲ್ಟರ್ ಎಣ್ಣೆ ತುಂಬುವ ನಮೂನೆಯದಾದರೆ ಅದನ್ನು ಕಿತ್ತು ಕಾಗದದ್ದು ಹಾಕಲು ಹೇಳುವವರಿದ್ದಾರೆ. ಬೇಡ. ಗಾಳಿ ಎಣ್ಣೆಯ ಮೇಲೆ ಹಾದು ತಿರುಗುವಾಗ ಧೂಳು ಎಣ್ಣೆಯಲ್ಲೇ ಉಳಿಯುತ್ತದೆ. ಬಟ್ಟಲಿನ ತಳದಲ್ಲಿ ಕೆಂಪು ಕೆಸರು ಕಂಡಾಗ ಎಣ್ಣೆ ಬದಲಿಸಿದರೆ ಆಯಿತು.

ಗೇರ್ ಎಣ್ಣೆಯಲ್ಲಿ ಮಾತ್ರ ‘90 ನಂಬರ್ ಕೊಡಿ’ ಅಂತ ಬಿಡಬೇಡಿ. ಹಿಂದಿನ ಹೌಸಿಂಗಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಹಳೇ ಗೇರ್‌ಬಾಕ್ಸಿನ ಹಿತ್ತಾಳೆ ರಿಂಗುಗಳಿಗೆ ಜಿಎಲ್-4 ಒಳ್ಳೆಯದು. ಡಬ್ಬದ ಹಿಂದೆ ಬರೆದಿರುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ, ಅದು ಕೊನೆಗೆ ಬರಬೇಕಾದ್ದು. ಬ್ರೇಕು, ಸ್ಟೀರಿಂಗು, ಇಂಜಿನ್, ವೈರಿಂಗು ಆಗಿ ಗಾಡಿ ನಾಲ್ಕು ದಿನ ಓಡಿದ ಮೇಲೆ ಮತ್ತೆ ಏನಾದರೂ ಬಿಚ್ಚುವುದು ಇದ್ದೇ ಇರುತ್ತದೆ. ಹಳೇ ಬ್ರೇಕ್ ಲೈನಿಂಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಪೆಟ್ರೋಲ್ ಇಂಜಿನ್ನಿನವರಿಗೆ ಹೊಸ ತಲೆನೋವೊಂದು ಬಂದಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅರವತ್ತು-ಎಪ್ಪತ್ತರ ದಶಕದ ರಬ್ಬರು, ಬೆಂಡು, ಪಂಪಿನ ಡಯಾಫ್ರಂ ಇವು ಎಥನಾಲಿಗೆ ಮಾಡಿದವಲ್ಲ. ಮೆತ್ತಗಾಗುತ್ತವೆ, ಇಲ್ಲವೇ ಉಬ್ಬುತ್ತವೆ. ಪೆಟ್ರೋಲ್ ಪೈಪು, ಪಂಪಿನ ಕಿಟ್ಟು, ಕಾರ್ಬುರೇಟರಿನ ಸೂಜಿ-ವಾಷರ್ ಎಲ್ಲವನ್ನೂ ಎಥನಾಲ್ ತಡೆಯುವ ರಬ್ಬರಿನದ್ದು ಕೇಳಿ ಹಾಕಿಸಿ. ಎಥನಾಲು ನೀರನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡಬೇಡಿ. ಟ್ಯಾಂಕಿನ ಪೈಪು ಬಂದ್ ಮಾಡಿ, ಇಂಜಿನ್ ತಾನೇ ನಿಲ್ಲುವ ತನಕ ಓಡಿಸಿ.

ಬಿಚ್ಚಿ ತೆಗೆದ ಹಳೇ ಸಾಮಾನನ್ನು ಹೊಸದು ಕೂತು, ಗಾಡಿ ಓಡುವ ತನಕ ಗುಜರಿಗೆ ಹಾಕಬೇಡಿ. ಸವೆದ ಬುಷ್ಷೇ ಲೇತಿನವನಿಗೆ ಮಾದರಿ, ಒಡೆದ ಗೇರೇ ಹಲ್ಲೆಣಿಸಲು ದಾಖಲೆ. ಒಂದೊಂದಕ್ಕೂ ಎಲ್ಲಿಂದ ಬಂತು ಅಂತ ಚೀಟಿ ಬರೆದು ತಂತಿಯಲ್ಲಿ ಕಟ್ಟಿಡಿ. ಕೆಲಸ ಮುಗಿದ ಮೇಲೆ ಉಳಿದದ್ದನ್ನು ಮಾರಲು ಅವಸರ ಬೇಡ. ನಿಮ್ಮ ಮೂಲೆಯಲ್ಲಿರುವ ಮೂರು ಗೇರಿನ ಹಳೇ ಗೇರ್‌ಬಾಕ್ಸು ಸಿಂಧನೂರಿನಲ್ಲೋ ಕುಷ್ಟಗಿಯಲ್ಲೋ ಇನ್ನೊಬ್ಬರಿಗೆ ಬೇಕಾಗಿರುತ್ತದೆ, ಅವರ ಅಟ್ಟದ ಮೇಲೆ ನಿಮಗೆ ಬೇಕಾದ ಕ್ರೌನ್-ಪಿನಿಯನ್ ಇರುತ್ತದೆ. ಜೀಪಿನವರಲ್ಲಿ ಜಾಸ್ತಿ ವ್ಯವಹಾರ ಹೀಗೆ ಅದಲು-ಬದಲಿನಲ್ಲೇ ನಡೆಯುವುದು, ಬಸ್ಸಿನ ಪಾರ್ಸೆಲ್ ಖರ್ಚು ಮಾತ್ರ ಕೈಯಿಂದ.